ಆ ಲೋಕದ ಅಪ್ಪ

ಟಿವಿಯೊಳಗೆ ಕ್ಯಾಪ್ಟನ್ನನ ಹೆಂಡತಿ ಪಿಸ್ತೂಲು ಎತ್ತಿ ಗಂಡನ ಎದೆಗೇ ಗುರಿ ಹಿಡಿದಳು. ಕೊಟ್ಟೂರಿನ ಭಾಗ್ಯ ಹೀರೇಕಾಯಿ ಹೆರೆಯುವುದನ್ನು ಬಿಟ್ಟು ನೋಡುತ್ತ ಕುಳಿತಳು. ಭಾನುವಾರ ಬೆಳಿಗ್ಗೆ ಬರುವ ಆ ಪರದೇಶದ ಧಾರಾವಾಹಿಗೆ ಹಿಂದಿ ಮಾತು ಕೂರಿಸಿದ್ದರು. ಐದನೇ ಕ್ಲಾಸಿನ ಮಗಳು ಶಾಂಭವಿಗೆ ಬರುವಷ್ಟು ಹಿಂದಿಯಲ್ಲೇ ತಾಯಿ ಮಗಳಿಬ್ಬರ ಕೆಲಸ ನಡೆಯಬೇಕು.

"ಇವ ಖರೇ ಕ್ಯಾಪ್ಟನ್ ಅಲ್ಲವ್ವಾ," ಎಂದು ಶಾಂಭವಿ ಬಿಡಿಸಿ ಹೇಳಿದಳು. "ಆಕಾಶದಾಗ ಇನ್ನೊಂದು ಲೋಕ ಐತಿ. ಅಲ್ಲೂ ಇವೇ ಮುಖ, ಇವೇ ಹೆಸರು. ಆದ್ರ ಎಲ್ಲಾರೂ ಕೆಟ್ಟವ್ರು. ಅಲ್ಲಿನ ಕ್ಯಾಪ್ಟನ್ ಇಲ್ಲಿಗೆ ಬಂದಾನ, ಒಳ್ಳೇವ ಅಲ್ಲಿ ಸಿಕ್ಕೊಂಡಾನ. ಅದಕ್ಕ ಆಕಿ ಒಳ್ಳೇವಂಗಷ್ಟ ಗೊತ್ತಿರೋ ಮಾತು ಒಂದು ಕೇಳಾಕತ್ಯಾಳ. ತಪ್ಪು ಹೇಳಿದ್ರ ಸಿಕ್ಕಿಬಿದ್ದ."

ಕ್ಯಾಪ್ಟನ್ ಉತ್ತರ ಹೇಳಲು ಬಾಯಿ ತೆರೆದ. ಕರೆಂಟು ಹೋಯಿತು. ಕೊಟ್ಟೂರಿನ ಕರೆಂಟಿಗೆ ಈ ಲೋಕವೂ ಅಷ್ಟೇ, ಆ ಲೋಕವೂ ಅಷ್ಟೇ.

ಕರೆಂಟು ಬರಲೆಂದು ಇಬ್ಬರೂ ಕಾದರು. ಭಾಗ್ಯಳ ಕೆನ್ನೆ ಇನ್ನೂ ಉರಿಯುತ್ತಿತ್ತು. ನಿನ್ನೆ ಮಧ್ಯಾಹ್ನ ರೊಟ್ಟಿ ಆರಿದೆ ಎಂದು ಗಂಡ ಸೋಮಶೇಖರ್ ಬಾಗಿಲ ಬಳಿಯಿದ್ದ ಚಪ್ಪಲಿ ಎತ್ತಿಕೊಂಡಿದ್ದ. ಕೈಯಲ್ಲಿ ಹೊಡೆದದ್ದು ಎಷ್ಟೋ ಸಲ. ಚಪ್ಪಲಿ ಇದೇ ಮೊದಲು. ಪೇಟೆಯಲ್ಲಿ ಕೇಳಿ ನೋಡಿ, ಅವನಂಥ ಸಂಭಾವಿತ ಇನ್ನೊಬ್ಬನಿಲ್ಲ. ತನ್ನ ಪಾತ್ರೆ ಅಂಗಡಿಗೆ ಬಂದ ಯಾವ ಹೆಂಗಸನ್ನೂ 'ಬರ್ರಿ ಅಕ್ಕಾರ' ಎನ್ನದೆ ಕರೆದವನಲ್ಲ.

"ಅವ್ವಾ, ನಮ್ಮಪ್ಪನೂ ಅದಲಿ ಬದಲಿ ಆಗ್ಯಾನೇನು?"

"ಸುಮ್ಕಿರು, ಹುಚ್ಚಿ," ಎಂದು ಭಾಗ್ಯ ಗದರಿಸಿದಳು. ಆದರೆ ಐದಾರು ವರ್ಷದಿಂದ ಅವಳೂ ಇನ್ನೇನು ನಂಬಿಕೊಂಡು ಬಂದಿದ್ದಳು? ತವರೂರು ಮಾಗಳದಿಂದ ಅಣ್ಣ ಕೊಟ್ರಸ್ವಾಮಿ ಕರೆದೊಯ್ಯಲು ಬಂದಾಗಲೆಲ್ಲ 'ಇವರು ಹಿಂಗಿರಲಿಲ್ಲಣ್ಣಾ, ಯಾರೋ ಮಾಟ ಮಾಡಿಸ್ಯಾರ' ಎಂದು ಚಹಾ ಕುಡಿಸಿ ಕಳಿಸಿದ್ದಳು. ಗಂಡನ ದಿಂಬಿನೊಳಗೆ ಯಂತ್ರ ಇಟ್ಟು ಹೊಲಿದಿದ್ದಳು. ಅಮಾವಾಸ್ಯೆಗೊಮ್ಮೆ ಅವನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಮಾಟ ಬಿಟ್ಟ ದಿನ ಹಳೆಯ ಗಂಡ ಮನೆಗೆ ಬರುತ್ತಾನೆಂದು ಅವಳ ಲೆಕ್ಕ. ಹಾಳಾದ್ದು, ಆಸೆಗೆ ಬುದ್ಧಿ ಎಲ್ಲಿಂದ ಬರಬೇಕು! ನಾಳೆ ಅಣ್ಣ ಮತ್ತೆ ಬರುವವನಿದ್ದ. ಇದೇ ಕೊನೆ, ಇನ್ನು ಕರೆಯಲು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದ.

ಆ ಹಳೆಯ ಗಂಡನಿಗಷ್ಟೇ ಗೊತ್ತಿರುವ ಮಾತು ಒಂದಿತ್ತು. ಮದುವೆಯ ಹೊಸದರಲ್ಲಿ ಉಜ್ಜಿನಿಗೆ ಮರುಳಸಿದ್ದನ ದರ್ಶನಕ್ಕೆ ಹೋದಾಗ ಹೊಸ ಚಪ್ಪಲಿ ಕಚ್ಚಿ ಅವಳಿಗೆ ಹೆಜ್ಜೆ ಕಿತ್ತಿಡಲಾಗಿರಲಿಲ್ಲ. ಅವನು ತನ್ನ ಚಪ್ಪಲಿಯನ್ನು ಅವಳ ಕಾಲಿಗೆ ಕೊಟ್ಟು, ಅವಳದನ್ನು ಶಲ್ಯದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಸುಡುಬಿಸಿಲಲ್ಲಿ ಬರಿಗಾಲಲ್ಲಿ ಬಸ್ಸಿನವರೆಗೆ ನಡೆದಿದ್ದ. ಗಂಡಸು ಹೆಂಡತಿಯ ಚಪ್ಪಲಿ ಹೊತ್ತನೆಂದರೆ ಊರು ಉಗಿಯದೆ ಬಿಡುತ್ತದೆಯೇ? ಇಬ್ಬರೂ ಈವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಅವನು ಊಟಕ್ಕೆ ಕುಳಿತಾಗ ಬಿಸಿ ರೊಟ್ಟಿ ಬಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ಕೇಳಿದಳು. "ಏನ್ರಿ, ಅವತ್ತು ಉಜ್ಜಿನಿಯಿಂದ ಬರೋವಾಗ ನಿಮ್ಮ ಶಲ್ಯದಾಗ ಏನಿತ್ತು, ನೆನಪೈತೇನ್ರಿ?"

ಕೇಳಿದವಳು ಮನಸ್ಸಿನಲ್ಲೇ ಬೇಡಿಕೊಂಡಳು. ಮರೆತಿರಲಿ, ಮರುಳಸಿದ್ದಾ, ಮರೆತೇ ಹೋಗಿರಲಿ. ಮರೆತಿದ್ದರೆ ಅವನು ಬೇರೆ, ಇವನು ಬೇರೆ. ಅವನಿಗಾಗಿ ಇನ್ನೂ ಕಾಯಬಹುದು.

ಸೋಮಶೇಖರ್ ತುತ್ತು ನುಂಗಿ ನಕ್ಕ. ಹಳೆಯ ನಗುವೇ. "ನಿನ್ನ ಚಪ್ಪಲಿ. ಎಡಗಾಲು ಹಿಮ್ಮಡಿಗೆ ಗುಳ್ಳಿ ಎದ್ದಿತ್ತು. ಕಣ್ಣಾಗ ನೀರು ತುಂಬ್ಕೊಂಡು ಏನಿಲ್ಲ ಏನಿಲ್ಲ ಅಂತಿದ್ದಿ." ಗುಳ್ಳೆ ಎದ್ದದ್ದು ಯಾವ ಕಾಲಿಗೆಂಬುದನ್ನು ಅವಳೇ ಮರೆತಿದ್ದಳು. "ಯಾಕ, ಯಾರ ಮುಂದಾದ್ರೂ ಬಾಯಿ ಬಿಟ್ಟೀಯೇನು?"

"ಇಲ್ರಿ."

"ಬಿಟ್ಟಿ ನೋಡು ಮತ್ತ! ಅವತ್ತು ಹೊತ್ತಿದ್ದಕ್ಕ ಇವತ್ತು ನನ್ನ ತಲಿ ಮ್ಯಾಲ ಕುಂತೀದಿ. ಇನ್ನೊಂದು ರೊಟ್ಟಿ ಹಾಕು."

ಭಾಗ್ಯ ಹಾಕಿದಳು.

ಸೋಮವಾರ ಶಾಲೆ ಬಿಟ್ಟು ಶಾಂಭವಿ ಓಡುತ್ತ ಬಂದಾಗ ಸೋದರಮಾವ ಕಟ್ಟೆಯ ಮೇಲೆ ಕುಳಿತಿದ್ದ. ಒಳಗೆ ಅವ್ವ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು.

"ಅವ್ವಾ, ನಮ್ಮ ಕ್ಲಾಸಿನ ಕೀರ್ತನಾ ಬೊಮ್ಮನಹಳ್ಳ್ಯಾಗ ಅವರ ಮಾವನ ಮನ್ಯಾಗ ಪೂರಾ ನೋಡಿ ಬಂದಾಳ! ಆ ಕ್ಯಾಪ್ಟನ್ ತಪ್ಪು ಹೇಳಿದ್ನಂತ! ಅವನ್ನ ಆ ಲೋಕಕ್ಕ ಅಟ್ಟಿದ್ರಂತ, ಒಳ್ಳೇವ ವಾಪಸ್ ಬಂದ್ನಂತ!" ಒಂದೇ ಉಸಿರಿಗೆ ಹೇಳಿ ದನಿ ತಗ್ಗಿಸಿದಳು. "ನೀ ನಿನ್ನಿ ಅಪ್ಪಗ ಕೇಳಿದ್ದು ನಾನೂ ಕೇಳಿಸ್ಕೊಂಡೆ. ಅಪ್ಪ ಹೇಳಿದ್ದು ತಪ್ಪು, ಹೌದಲ್ಲವ್ವಾ?"

"ಸರಿ ಐತಿ. ಎಲ್ಲಾ ಸರಿ ಹೇಳಿದ."

ಮಗಳ ಮುಖ ಬಾಡಿತು. "ಹಂಗಾರ ನಮ್ಮ ಒಳ್ಳೇ ಅಪ್ಪ ಎಲ್ಲಿ ಅದಾನ?"

ಭಾಗ್ಯ ಟ್ರಂಕಿನ ಮುಚ್ಚಳ ಒತ್ತಿ ಹಿಡಿದು ಚಿಲಕ ಹಾಕಿದಳು.

"ಅಂಗಡ್ಯಾಗ ಅದಾನ," ಎಂದಳು. "ಹೊಡಿಯೋನೂ ಅವನೇ."