ಖಾಲಿ ಕೋವಿಯ ಪರೀಕ್ಷೆ

"ತೋಟಾ ಹಾಕಿದ್ಯೋ ಇಲ್ವೋ, ಬಾಯಿ ಬಿಡ್ಬೇಡ!" ತಾತ ಹಳೆಯ ರೈಫಲಿನ ಚರ್ಮದ ಪಟ್ಟಿಯನ್ನು ತೋಳಿಗೆ ಬಿಗಿದುಕೊಂಡು ಬೋರಲು ಮಲಗಿದರು. ಗುಂಡಿನ ಸದ್ದಿಗೆ ಮೊದಲೇ ಬೆಚ್ಚುವ ಕೈ, ಕೋವಿ ಖಾಲಿಯಿದ್ದರೆ, ನಳಿಗೆ ಅಲುಗಿಸಿ ಸಿಕ್ಕಿಬೀಳುತ್ತದೆ. ಈ ಪರೀಕ್ಷೆಯನ್ನು ಮೊಮ್ಮಗಳಿಗೆ ಕಲಿಸಿದವರು ಅವರೇ. ನಾಳೆಯ ಗುರಿ ಹೊಡೆಯುವ ಪಂದ್ಯಕ್ಕೆ ಮನೆಯಿಂದ ಒಬ್ಬರಿಗೇ ಜಾಗ. ಅವಳ ಸರದಿಯಲ್ಲಿ ನಳಿಗೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಈಗ ತಾತನ ಸರದಿಗೆ ಅವಳು ಕೋವಿಯನ್ನು ಖಾಲಿ ಬಿಟ್ಟಿದ್ದಳು. ಉಸಿರು ಬಿಗಿಹಿಡಿದು ನಳಿಗೆಯ ತುದಿಯನ್ನೇ ನೋಡಿದಳು. ತಾತ ಟ್ರಿಗರ್ ಒತ್ತಿದರು. ಟಕ್. ಕೋಳಿ ಕಾಳು ಕುಕ್ಕುವ ಹಾಗೆ ತುದಿ ಕೆಳಕ್ಕೆ ಬಾಗಿತು.

"ಗಾಳಿ ಇತ್ತು, ತಾತ."

"ಗಾಳಿಗೆ ಬಗ್ಗೋದು ಹುಲ್ಲು ಕಣೇ, ಕಬ್ಬಿಣ ಅಲ್ಲ!" ಎಂದು ಗದರಿದರು. ಆಮೇಲೆ, ಈವರೆಗೆ ಯಾರಿಗೂ ಮುಟ್ಟಗೊಡದ ಆ ಪಟ್ಟಿಯನ್ನು ಬಿಚ್ಚಿ ಅವಳ ತೋಳಿಗೆ ಸುತ್ತಿದರು. ಸಡಿಲವಾಯಿತು. ಜೇಬಿನಿಂದ ಚಾಕು ತೆಗೆದು, ಅವಳ ಅಳತೆಗೆ ಹೊಸ ತೂತು ಕೊರೆಯತೊಡಗಿದರು.