ಹಲ್ಲಿನ ಗ್ಯಾರಂಟಿ

"ನೀವ ಕೂಡ್ಸಿದ ಹಲ್ಲ ಇಪ್ಪತ್ತ ವರ್ಷ ಬಾಳತೈತಿ ಅಂದಿದ್ರಿ, ಐದಕ್ಕ ಮುರೀತು," ಎನ್ನುತ್ತ ಸಂಜಯ ಗ್ಯಾರಂಟಿ ಕಾರ್ಡನ್ನು ಹಲ್ಲಿನ ಡಾಕ್ಟರ್ ಪೂರ್ಣಿಮಾ ಅವರ ಮೇಜಿನ ಮೇಲೆ ಕುಕ್ಕಿದ. "ಖಾನಾಪುರದಿಂದ ಬೆಳಗಾವಿ ತನಕ ಸುಮ್ನ ಬಂದಿಲ್ರಿ. ಇನ್ನೊಂದ ಪುಕಟ ಹಾಕಿ ಕೊಡ್ರಿ. ಇಕಿ ಕಟಕ ರೊಟ್ಟಿ ಕಡದಾಳ, ಅಷ್ಟ." ಅವನ ಹೆಂಡತಿ ಪ್ರಮಿಳಾ ಊದಿದ ತುಟಿ ಬಿಗಿಹಿಡಿದು ಕುರ್ಚಿಯಲ್ಲಿ ಒರಗಿದ್ದಳು.

ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ದವಡೆಯ ಎಲುಬಿನಲ್ಲಿ ಕೂರಿಸಿದ್ದ ಲೋಹದ ತಿರುಪು ಅಲುಗಿರಲಿಲ್ಲ. ಹಲ್ಲು ಹೊತ್ತಿದ್ದ ಅದರ ತುದಿ ಮಾತ್ರ ನಾಲಿಗೆಯ ಕಡೆಗೆ ಬಾಗಿತ್ತು. "ಎಲುಬು ಇದನ್ನ ಗಟ್ಟಿ ಹಿಡದೈತ್ರಿ. ಇನ್ನೂ ಭಾಳ ವರ್ಷ ಬರತಿತ್ತು. ರೊಟ್ಟಿ ಕಡದ್ರ ಹಿಂಗ ಒಳಗ ಬಾಗೂದಿಲ್ಲ," ಎಂದರು.

"ಹಂಗಾರ ಬಚ್ಚಲದಾಗ ಜಾರಿ ಬಿದ್ದಿರಬೇಕು. ಹೌದಲ್ಲ?" ಸಂಜಯ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಅಮುಕಿದ. ಐದು ವರ್ಷದ ಹಿಂದೆ, ಅವಳ ಸ್ವಂತ ಹಲ್ಲು ಹೋದಾಗಲೂ, ಇದೇ ಕುರ್ಚಿಯ ಬಳಿ ನಿಂತು ಬಚ್ಚಲಿನ ಹೆಸರನ್ನೇ ಹೇಳಿದ್ದ. ಆಗ ಅವಳು ತಲೆಯಾಡಿಸಿದ್ದಳು.

ಪ್ರಮಿಳಾ ಆ ಕೈಯನ್ನು ಎತ್ತಿ ಪಕ್ಕಕ್ಕೆ ಸರಿಸಿದಳು. "ಬಿದ್ದಿಲ್ರಿ, ಡಾಕ್ಟರ್ ಬಾಯಾರ. ಇವ್ರು ಹೊಡದಾರ. ಮೊದಲಿನ ಹಲ್ಲೂ ಹಂಗ ಹೋಗಿತ್ತು. ಎರಡೂ ಬರಕೊಳ್ರಿ."