ತಾರಸಿಯ ಮೇಲೆ ಬಿಟ್ಟ ಮಗು

ಬೇಸಿಗೆ ಕಳೆದು ಮೊದಲ ಮೋಡ ಕಟ್ಟಿದ ವಾರ, ಬೆಳಗಿನ ಹತ್ತು ಗಂಟೆಯ ಹೊತ್ತು. ಹೆಡ್‌ಫೋನ್ ಹಾಕಿಕೊಂಡು ಹಿಂದಿನ ದಿನ ಬಂದ ಧ್ವನಿಗಳನ್ನು ಒಂದೊಂದಾಗಿ ಕೇಳುತ್ತಿದ್ದ ಸಂಶೋಧಕಿ ತಟ್ಟನೆ ನಿಲ್ಲಿಸಿದಳು. ಹಿಂದಕ್ಕೆ ಸರಿಸಿ ಹೆಂಗಸೊಬ್ಬಳ ಮಾತನ್ನು ಮತ್ತೆ ಕೇಳಿದಳು.

"ಮಗು ಜಾರಬಾರದು ಅಂತ ಸೊಂಟಕ್ಕೆ ಟೇಪು ಸುತ್ತಿ ನೀರಿನ ಪೈಪಿಗೆ ಕಟ್ಟಿದ್ದೆ. ಬಟ್ಟೆ ಅಳೆಯೋ ಟೇಪು. ಹಳದೀದು."

ಆ ಟೇಪಿನ ಸಂಗತಿ ಅವಳ ತಲೆಯೊಳಗೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ.

ಆ ಕಚೇರಿಯ ಕೆಲಸ ಇಷ್ಟು. ಬಹಳ ವರ್ಷಗಳ ಹಿಂದೆ ನದಿ ದಂಡೆಯ ಊರೊಂದನ್ನು ನೆರೆ ನುಂಗಿತ್ತು. ಅಲ್ಲಿಂದ ಚದುರಿದ ಜನ ಈಗ ತಮ್ಮ ನೆನಪುಗಳನ್ನು ಮೊಬೈಲಿನಲ್ಲಿ ಹೇಳಿ ಕಳಿಸುತ್ತಿದ್ದರು. ಕಚೇರಿ ಅವನ್ನು ಜಾಲತಾಣಕ್ಕೆ ಏರಿಸಿ, ಒಬ್ಬರ ಮಾತು ಕೇಳಿದ ಮೇಲೆ ಇನ್ನೊಬ್ಬರ ನೆನಪು ಹೇಗೆ ಬಣ್ಣ ಬದಲಾಯಿಸುತ್ತದೆ ಎಂದು ನೋಡುತ್ತಿತ್ತು. ಅದಕ್ಕೊಂದು ಪದ್ಧತಿ: ನಿಜದ ನೆನಪುಗಳ ನಡುವೆ ಒಂದು ಕಟ್ಟುಕಥೆಯನ್ನು ತೇಲಿಬಿಡುವುದು. "ಹೌದು ಹೌದು, ನಾನೂ ನೋಡಿದ್ದೆ" ಎನ್ನುವವರು ಎಷ್ಟು ಜನ, ಅವರು ಸೇರಿಸುವುದೇನು ಎಂದು ಗಮನಿಸುವುದು. ಕೇಳಿದವರು ಸೇರಿಸಿದ್ದು ತಮ್ಮದೋ ಕಥೆಯದೋ ಎಂದು ತಾಳೆ ನೋಡಲು, ಕಥೆ ಕಟ್ಟಿದವರು ಅದರ ಒಂದು ಗುರುತನ್ನು ಮಾತ್ರ ಬರೆಯದೆ, ಯಾರಿಗೂ ಹೇಳದೆ, ಹೊಟ್ಟೆಯಲ್ಲಿಟ್ಟುಕೊಂಡಿರಬೇಕು.

ಈ ಸಲದ ಸರದಿ ಅವಳದು. ಆ ಊರಿಗೆ ಅವಳು ಕಾಲಿಟ್ಟದ್ದೇ ನೆನಪಿಲ್ಲ. ಆದರೂ ಕೂತದ್ದೇ ತಡ, ನಲ್ಲಿ ತಿರುಗಿಸಿದ ಹಾಗೆ ಕಥೆ ಸುರಿಯಿತು: ಐಸ್ ಕಾರ್ಖಾನೆಯ ತಾರಸಿ, ಸುತ್ತ ಕೆಂಪು ನೀರು, ದೋಣಿಯಲ್ಲಿ ಜಾಗ ಸಾಲದೆ ತಾಯಿ ಬಿಟ್ಟು ಹೋದ ಮೂರು ವರ್ಷದ ಹೆಣ್ಣುಮಗು. ಮಗುವನ್ನು ಕಟ್ಟಿದ ಟೇಪನ್ನು ಮಾತ್ರ ಬಚ್ಚಿಟ್ಟುಕೊಂಡು, ಉಳಿದದ್ದನ್ನು ಜಾಲತಾಣಕ್ಕೆ ಏರಿಸಿದ್ದಳು.

ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ರಿಪೇರಿಯವನು ಕೂರುತ್ತಿದ್ದ. ಕಚೇರಿಯಲ್ಲಿ ಅವನಿಗೆ ವೈರು ಎಂದೇ ಹೆಸರು.

"ಏಯ್ ವೈರು, ನನ್ನ ಕಂಪ್ಯೂಟರಿಗೆ ಕೈ ಹಾಕಿದ್ಯಾ?"

"ಅದಕ್ಕೆ ಕೈ ಹಾಕಿದ್ರೆ ಅಲ್ಲೇ ಪ್ರಾಣ ಬಿಡುತ್ತೆ ಅಕ್ಕಾ. ಏನು ಕಳೀತು?"

"ತಲೆಯೊಳಗಿದ್ದದ್ದು."

"ಅದಕ್ಕೆ ನಾನಲ್ಲ, ಡಾಕ್ಟ್ರು ಬೇಕು."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಬರೆದೇ ಇಲ್ಲದ್ದನ್ನು ಯಾರು ತಾನೇ ಕದ್ದಾರು?

ಊಟದ ಹೊತ್ತಿಗೆ ಅದೇ ಹೆಂಗಸಿನ ಇನ್ನೊಂದು ಧ್ವನಿ ಬಂತು. ಆತುರವಿಲ್ಲದ, ಒಣಗಿದ ಧ್ವನಿ.

"ಕಂಕುಳಲ್ಲಿ ಕೈಗೂಸಿತ್ತು. ದೋಣಿಯವರು ಇನ್ನೊಂದಕ್ಕೆ ಜಾಗ ಇಲ್ಲ, ಮತ್ತೆ ಬರ್ತೀವಿ ಅಂದ್ರು. ದೊಡ್ಡದು ಅಳಲಿಲ್ಲ. ಟೇಪಿನ ಅಂಕಿ ಮೇಲೆ ಬೆರಳಾಡಿಸ್ತಾ ಕೂತಿತ್ತು. ಆ ಮಗೂನ ಕಂಡವರು ಅಲ್ಲಿ ಯಾರೋ ಇದ್ದೀರಿ. ನಾಳೆ ನಿಮ್ಮ ಆಫೀಸಿಗೇ ಬರ್ತೀನಿ."

ಅಂಕಿಗಳ ಮೇಲೆ ಬೆರಳಾಡಿಸುವುದು! ಅದೂ ಅವಳು ಮನಸ್ಸಿನಲ್ಲೇ ಕಂಡಿದ್ದ ಚಿತ್ರ. ಯಾರೋ ತನ್ನ ತಲೆಬುರುಡೆಯೊಳಗೆ ಚಪ್ಪಲಿ ಬಿಟ್ಟು ಮೆಲ್ಲಗೆ ಓಡಾಡುತ್ತಿದ್ದಾರೆ ಅನ್ನಿಸಿತು. ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿದರೂ ಬೆಚ್ಚಿದಳು.

ಕಚೇರಿಯ ದೊಡ್ಡ ಮೇಡಂ ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡರು. "ಪಾಪ, ಯಾರೋ ನೊಂದವಳು. ಬರಲಿ. ಕೂರಿಸಿ ನಿಧಾನವಾಗಿ ಹೇಳು, ಅಂಥ ಮಗು ಇರಲೇ ಇಲ್ಲ ಅಂತ. ಕಟ್ಟಿದವಳು ನೀನು, ಬಿಚ್ಚಬೇಕಾದವಳೂ ನೀನೇ."

ಇಲ್ಲದ ಮಗುವನ್ನು ಯಾವಳೋ ಒಬ್ಬಳ ಮಡಿಲಿಗೆ ತಾನೇ ಹಾಕಿದೆ, ನಾಳೆ ತಾನೇ ಕಿತ್ತುಕೊಳ್ಳಬೇಕು. ಆ ಹೆಂಗಸು ಎದೆ ಒಡೆದುಕೊಂಡು ಅಲ್ಲೇ ಬಿದ್ದರೆ?

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಮ್ಮ ಅಡುಗೆಮನೆಯ ಮಣೆಯ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಹೆಣ ತೊಳೆದ ಕೈ, ಹೆದರಿಕೆ ಎಂದರೇನೆಂದು ತಿಳಿಯದ ಜೀವ. ನೆನಪಿನ ಗೊಡವೆಯಂತೂ ಅವಳಿಗಿಲ್ಲ. ಮಗಳ ಎಳವೆಯ ಫೋಟೋ ಕೇಳಿದರೆ ಒಂದು ಸಲ ಇಲಿ ತಿಂದಿತು ಎನ್ನುವಳು, ಇನ್ನೊಂದು ಸಲ ಸ್ಟುಡಿಯೋದವನು ಕೆಡಿಸಿದ ಎನ್ನುವಳು. ಇಂಥವಳ ಮಗಳು ನೆನಪು ಕೂಡಿಡುವ ಕೆಲಸಕ್ಕೆ ಸೇರಿದಳಲ್ಲ ಎಂದು ಓಣಿಯವರೆಲ್ಲ ನಕ್ಕಿದ್ದರು.

ಮಗಳು ತಾರಸಿಯ ಕಥೆ ಹೇಳಿದಳು. ಅದನ್ನು ತನ್ನದೆಂದುಕೊಂಡ ಹೆಂಗಸಿನ ಸಂಗತಿ ಹೇಳಿದಳು. ಅಮ್ಮ ಎದ್ದು ಹೋಗಿ ಮುಂಬಾಗಿಲಿನ ಚಿಲಕ ಹಾಕಿ ಬಂದಳು.

"ಅವಳಿಗೆ ನಮ್ಮ ಮನೆ ಗೊತ್ತಾ?"

"ಮನೆ ಹೇಗೆ ಗೊತ್ತಿರುತ್ತಮ್ಮಾ? ಆಫೀಸಿಗೆ ಬರ್ತಾಳೆ."

"ನೀನು ನಾಳೆ ಹೋಗಬೇಡ."

"ಯಾಕೆ, ಹುಚ್ಚಿ ಇರಬಹುದು ಅಂತ ಭಯಾನಾ?"

"ಹುಚ್ಚಿ ಆಗಿದ್ರೆ ನಂಗ್ಯಾಕೆ ಭಯ?" ಅಮ್ಮ ಹುರುಳಿಕಾಯಿಯನ್ನು ಪಕ್ಕಕ್ಕೆ ಸರಿಸಿದಳು. "ಆ ಕಥೆ ತೆಗೆದುಹಾಕು. ಇವತ್ತೇ. ನನ್ನ ಮೇಲೆ ಆಣೆ."

ಅಮ್ಮ ಆಣೆ ಹಾಕಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಮಣೆಯ ಪಕ್ಕ ನೆಲದ ಮೇಲೆ ಕೂತು, ಸಮಾಧಾನ ಮಾಡಲೆಂದು ಮೊಬೈಲು ತೆಗೆದು ಆ ಧ್ವನಿಗಳನ್ನು ಕೇಳಿಸಿದಳು. ದೋಣಿ, ಕೈಗೂಸು, ಹಳದಿ ಟೇಪು. ಅಮ್ಮ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು.

"ಇದೆಲ್ಲ ನನ್ನ ತಲೆಯಿಂದ ಹುಟ್ಟಿದ್ದಮ್ಮಾ," ಎಂದಳು ಮಗಳು. "ಆ ತಾರಸಿ ಮೇಲೆ ಯಾರೂ ಇರಲಿಲ್ಲ. ನಾಳೆ ಅದನ್ನೇ ಅವಳಿಗೆ ಹೇಳ್ತೀನಿ, ಮುಗೀತು."

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು, ಮಗಳ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಆಸ್ಪತ್ರೆ ದೋಣೀಲಿ ನಾನು ಆ ತಾರಸಿಗೆ ಬಂದು ನಿನ್ನ ಎತ್ತಿಕೊಂಡದ್ದು ಶನಿವಾರ, ಮಗಾ, ನಿನ್ನ ಹೆತ್ತವಳು ಬಿಟ್ಟು ಹೋದದ್ದು ಶುಕ್ರವಾರ."